ಹುಚ್ಚು ಹತ್ತಿದ ವರ್ಷ

ಆ ನಾಯಿ ಬಂದದ್ದು ನಡು ಮಧ್ಯಾಹ್ನ. ನವಣೆ ಕೊಯ್ದು ಬಣವೆ ಹಾಕಿ ಆಗಿತ್ತು. ಕೂಳೆ ಮೇಯಲಿ ಎಂದು ಹಸುಗಳನ್ನು ಹೊಲಕ್ಕೆ ಬಿಟ್ಟು, ನಾನೂ ನನ್ನ ತಮ್ಮನೂ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದೆವು. ಬೇಲಿಗೆ ಹಾಕಿದ್ದ ಔಡಲ ಗಿಡಗಳ ಸಂದಿಯಿಂದ ಒಂದು ಬಿಳಿ ನಾಯಿ ಒಳಗೆ ಬಂತು. ಬೊಗಳಲಿಲ್ಲ, ನೆಲ ಮೂಸಲಿಲ್ಲ, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕೆಳದವಡೆ ಜೋತುಬಿದ್ದು ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ನೆಟ್ಟಗೆ ಕರುಗಳ ಕಡೆ ನಡೆಯಿತು.

ನಮ್ಮ ಕೆಂದ ಹಸುವಿನ ಕರು ಆಗಿನ್ನೂ ಎಳೆಯದು, ಬಿಸಿಲಿಗೆ ಕಾಲು ಚಾಚಿ ಮಲಗಿತ್ತು. ಕೆಂದ ಹಸು ಬಂದು ಕರುವಿಗೂ ನಾಯಿಗೂ ನಡುವೆ ತಲೆ ತಗ್ಗಿಸಿ ನಿಂತಿತು. ನಾಯಿ ಹಾರಿ ಅದರ ಮೂತಿಗೇ ಬಾಯಿ ಹಾಕಿತು. ಮೇಲ್ದುಟಿ ಕಚ್ಚಿ ಹಿಡಿದು ಜೋತುಬಿತ್ತು. ಹಸು ತಲೆ ಎತ್ತಿ ಒದರಿದರೆ ನಾಯಿ ಗಾಳಿಗೆ ಹಾರುತ್ತಿತ್ತು, ಬಗ್ಗಿಸಿದರೆ ನೆಲಕ್ಕೆ ಬಡಿಯುತ್ತಿತ್ತು, ಬಿಡುತ್ತಿರಲಿಲ್ಲ. ತುಟಿ ಹರಿದಾಗಲೇ ಅದು ಕೆಳಗೆ ಬಿದ್ದದ್ದು.

ತಮ್ಮ ಗುದ್ದಲಿ ಹಿಡಿದು ಓಡಿದ. ಮೊದಲ ಏಟಿಗೆ ನಾಯಿಯ ಬೆನ್ನು ಮುರಿಯಿತು. ಹಿಂಗಾಲು ಎಳೆದುಕೊಂಡೇ ಅದು ಅವನತ್ತ ತಿರುಗಿತು. ಎರಡನೆಯ ಏಟು ತಲೆಗೆ ಬಿತ್ತು. ಆಮೇಲೂ ಅವನು ಹೊಡೆಯುತ್ತಲೇ ಹೋದ. ನಾಯಿ ಸತ್ತದ್ದು ನನಗೆ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. "ಸಾಕು ಬಿಡೋ, ಸತ್ತೋಗೈತೆ" ಎಂದು ಹಿಂದಿನಿಂದ ಸೊಂಟ ಹಿಡಿದು ಎಳೆದೆ. ಅವನ ಕೆನ್ನೆಯ ಮೇಲೆ, ಅಂಗಿಯ ಮೇಲೆ ನಾಯಿಯ ರಕ್ತ ಸಿಡಿದಿತ್ತು.

ಅಷ್ಟರಲ್ಲಿ ಪಕ್ಕದ ಬೀಳಿನಿಂದ ಕುರಿ ಮೇಯಿಸುವ ಮಾವ ಏದುಸಿರು ಬಿಡುತ್ತ ಓಡಿ ಬಂದರು. ಸಂಬಂಧದಲ್ಲಿ ಅವರು ಮಾವನಲ್ಲ. ಮೊಳಕಾಲ್ಮೂರಿನ ಆಚೆ ಗಡಿಯ ಹಳ್ಳಿಯವರು, ಮಾತಿನಲ್ಲಿ ಅರ್ಧ ತೆಲುಗು. ವರವು ಕಾವಲಿನ ಹುಲ್ಲುಗಾವಲಿಗೆ ಸರಕಾರದ ಗೋಡೆ ಅಡ್ಡ ಬಂದ ಮೇಲೆ ಮಂದೆ ಹೊಡೆದುಕೊಂಡು ನಮ್ಮ ಸೀಮೆಗೆ ಬರತೊಡಗಿದ್ದರು. ಅಪ್ಪ ಇದ್ದ ಕಾಲದಿಂದಲೂ ಮಾವ ಎಂದೇ ಕರೆದು ನಮಗೆ ರೂಢಿ.

"ಅಯ್ಯೋ ದೇವುಡಾ, ಇಲ್ಲಿಗೇ ಬಂತಾ ಇದು? ನನ್ನ ಮಂದ್ಯಾಗೆ ನುಗ್ಗಿತ್ತು. ನಮ್ಮ ಕರೇ ನಾಯಿ ಅಡ್ಡ ಬಿದ್ದು ಓಡಿಸ್ತು."

"ನಿಮ್ಮ ನಾಯಿಗೆ ಕಚ್ತಾ ಮಾವ?" ತಮ್ಮ ಕೇಳಿದ.

"ಎರಡೂ ಮಣ್ಣಾಗೆ ಉರುಳಾಡಿದ್ವು. ಮೈ ತಡವಿ ನೋಡ್ಬೇಕು."

ಸತ್ತ ಬಿಳಿ ನಾಯಿಯನ್ನು ಮಾವನೇ ಕೋಲಿನಿಂದ ಹಳ್ಳಕ್ಕೆ ತಳ್ಳಿ, ಔಡಲ ಕಟ್ಟಿಗೆ ಒಟ್ಟಿ ಸುಟ್ಟರು.

ನಾವು ಯಾರು ಎನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಪರಶುರಾಂಪುರದಿಂದ ಒಳಕ್ಕೆ ಹೋದರೆ ನಮ್ಮ ಹೊಲ. ಕೆಂಪು ಮರಳು ನೆಲ. ನಾನು ಗಂಡನ ಮನೆ ಬಿಟ್ಟು ಬಂದು ಅವ್ವನ ಜೊತೆ ಇದ್ದೆ. ಒಂದು ವರ್ಷ ಶೇಂಗಾಕ್ಕೆ ಔಷಧಿ ಹೊಡೆಯುತ್ತಿದ್ದ ತಮ್ಮ ಹೊಲದಲ್ಲೇ ಬಿದ್ದ, ಬಾಯಲ್ಲಿ ನೊರೆ. ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ರಸ್ತೆಗೆ ತಂದು, ಅಲ್ಲಿಂದ ಚಳ್ಳಕೆರೆಯ ಆಸ್ಪತ್ರೆಗೆ ಸೇರಿಸಿದೆವು. ಬದುಕಿದ. ಮನೆಗೆ ಬಂದವನೇ ಔಷಧಿ ಡಬ್ಬಗಳನ್ನೆಲ್ಲ ಗುಂಡಿಗೆ ಹಾಕಿ ಮುಚ್ಚಿದ. ಅವತ್ತಿಗೆ ವಿಷದ ಬೇಸಾಯ ನಿಂತಿತು. ಒಂದೊಂದೇ ಹಸು ಕಟ್ಟಿದೆವು. ಶೇಂಗಾ, ತೊಗರಿ, ನವಣೆ, ಸಜ್ಜೆ ಕಲಸಿ ಬಿತ್ತಿದೆವು. ಸಗಣಿ ಗಂಜಲವೇ ಗೊಬ್ಬರ. ಹೊಟ್ಟು ಹಸುವಿಗೆ, ಸಗಣಿ ಹೊಲಕ್ಕೆ, ಹಾಲು ಚಳ್ಳಕೆರೆಯ ಮನೆಗಳಿಗೆ. ತಮ್ಮ ಬೈಕಿನಲ್ಲಿ ಕ್ಯಾನು ಕಟ್ಟಿಕೊಂಡು ಹೋಗಿ ಹಾಲು ಹಾಕಿ ಬರುತ್ತಿದ್ದ. ಹಸುಗಳೆಂದರೆ ಅವನಿಗೆ ಪ್ರಾಣ. ಕೆಂದ ಹಸು ಅವನೇ ಕೈಯಾರೆ ಹೆರಿಗೆ ಮಾಡಿಸಿ ಸಾಕಿದ್ದು.

ದನದ ಡಾಕ್ಟರು ಫೋನಿನಲ್ಲಿ ಹೇಳಿದಂತೆ ಹಸುವಿನ ಮೂತಿಯನ್ನು ಬೋರಿನ ನೀರು ಹರಿಯಬಿಟ್ಟು ಸೋಪು ಹಾಕಿ ತೊಳೆದೆವು. ಅವ್ವ ಅರಿಶಿನ ಸುಣ್ಣ ತಂದಳು. "ಏನೂ ಮೆತ್ತಬ್ಯಾಡಿ" ಎಂದಿದ್ದರು ಡಾಕ್ಟರು. ಸಂಜೆಗೆ ಅವರೇ ಬಂದು ಸೂಜಿ ಶುರು ಮಾಡಿದರು. ಹಿಂಡಿಗೆಲ್ಲ ಹಾಕಿದರು. ತಮ್ಮನಿಗೂ ನನಗೂ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಕಿದರು. ಮಾವ ಕರಿ ನಾಯಿಗೂ ಸೂಜಿ ಹಾಕಿಸಿ, ಊರಿಗೆ ಒಯ್ದು ಸರಪಳಿಯಲ್ಲಿ ಕಟ್ಟಿ ಬಂದರು. ತಿಂಗಳುಗಟ್ಟಲೆ ಅದನ್ನು ಮಂದೆಯ ಹತ್ತಿರ ತರಲಿಲ್ಲ.

ಹೊರಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ಕಾಲಿಗೆ ಕಚ್ಚಿದ್ರೆ ಮಾತು ಬೇರೆ. ಇದು ಮೂತಿ, ತಲೆಗೆ ಹತ್ರ. ಸೂಜಿ ಹಿಡೀಬಹುದು, ಹಿಡೀದೇನೂ ಇರಬಹುದು. ಬೇರೆ ಕಟ್ಟಿ. ಹಾಲು ಯಾರಿಗೂ ಬ್ಯಾಡ."

ಕೆಂದ ಹಸುವನ್ನು ಕೊಟ್ಟಿಗೆಯ ಕೊನೆಯ ಗೂಟಕ್ಕೆ ಕಟ್ಟಿದೆವು. ಅದರ ಹಾಲು ಕರೆದು ಗುಂಡಿಗೆ ಸುರಿದೆವು. ಕರುವಿಗೆ ಬೇರೆ ಹಸುವಿನ ಹಾಲು ಕುಡಿಸಿದೆವು. ಅದು ತಾಯಿಗಾಗಿ ಅರಚುತ್ತಿತ್ತು, ಇದು ಕರುವಿಗಾಗಿ ಅರಚುತ್ತಿತ್ತು. ಬರಬರುತ್ತ ಎರಡೂ ಸುಮ್ಮನಾದವು. ತುಟಿಯ ಗಾಯ ಮಾಯಿತು. ಸೂಜಿಗಳೆಲ್ಲ ಮುಗಿದವು. ಹಸು ಚೆನ್ನಾಗಿ ಮೇಯುತ್ತಿತ್ತು. "ಗೆದ್ದಳು ನಮ್ಮವ್ವ" ಎಂದು ತಮ್ಮ ಅದರ ಗಂಗೆದೊಗಲು ಸವರುತ್ತಿದ್ದ.

ತೊಗರಿ ಕಟಾವಿನ ಹೊತ್ತಿಗೆ ಒಂದು ಬೆಳಿಗ್ಗೆ ಅದು ಮೇವು ಮುಟ್ಟಲಿಲ್ಲ. ಬಾಯಿಂದ ಜೊಲ್ಲು. ನುಂಗಲು ನೋಡುತ್ತಿತ್ತು, ಆಗುತ್ತಿರಲಿಲ್ಲ. ಹಿಂದಿನ ದಿನ ಮೆಕ್ಕೆಜೋಳದ ದಿಂಡು ಹಾಕಿದ್ದೆವು. "ಗಂಟಲಾಗೆ ದಿಂಡು ಸಿಕ್ಕೊಂಡೈತೆ" ಎಂದು ತಮ್ಮ ಅದರ ನಾಲಿಗೆ ಪಕ್ಕಕ್ಕೆ ಎಳೆದು ಮೊಣಕೈವರೆಗೆ ಕೈ ಇಳಿಸಿದ. ಏನೂ ಸಿಗಲಿಲ್ಲ. ಕೈ ತೆಗೆದಾಗ ಹಲ್ಲು ತರಚಿ ರಕ್ತ ಬಂದಿತ್ತು. ನಾನು ಡಾಕ್ಟರಿಗೆ ಫೋನು ಮಾಡಿದೆ. ಅವರು ನನ್ನ ಮಾತು ಮುಗಿಯಲು ಬಿಡಲಿಲ್ಲ.

"ಬಾಯಿಗೆ ಕೈ ಹಾಕಬ್ಯಾಡ್ರಿ!"

"ಹಾಕಿದ್ದಾಯ್ತು ಸಾರ್."

 ಅವರು, "ಎಲ್ರೂ ದೂರ ಹೋಗಿ. ಬರ್ತೀನಿ" ಎಂದರು.

ಅವರು ಬರುವ ಮೊದಲೇ ಹಸು ಕೂಗಿತು. ಅಂಥ ದನಿ ನಾನು ಅದರ ಬಾಯಲ್ಲಿ ಕೇಳಿರಲಿಲ್ಲ. ಒಡೆದ ಗಂಟಲಲ್ಲಿ ಗಂಡು ದನ ಕೂಗಿದ ಹಾಗೆ, ಮತ್ತೆ ಮತ್ತೆ, ಉಸಿರು ತೆಗೆದುಕೊಳ್ಳದೆ. ಕೊಟ್ಟಿಗೆಯ ಹಸುಗಳೆಲ್ಲ ಹಗ್ಗ ಜಗ್ಗತೊಡಗಿದವು. ಕೆಂದ ಹಸು ಗೋದಲೆಯ ಇಟ್ಟಿಗೆಗೆ ತಲೆ ಗುದ್ದಿತು. ಇಟ್ಟಿಗೆ ಉದುರಿತು. ಇನ್ನೊಮ್ಮೆ ಗುದ್ದಿತು. ಒಂದು ಕೊಂಬು ಬುಡದಿಂದ ಮುರಿದು ಚರ್ಮದಲ್ಲಿ ನೇತಾಡಿತು. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅದು ಗುದ್ದುವುದನ್ನು ನಿಲ್ಲಿಸಲಿಲ್ಲ. ಗೂಟ ಕಿತ್ತು ಬಂತು.

ಮೊದಲು ಸಿಕ್ಕಿದ್ದು ಜೀವಾಮೃತ ಕಲಸಿಟ್ಟಿದ್ದ ನೀಲಿ ಡ್ರಮ್ಮು. ಅದನ್ನು ಉರುಳಿಸಿ ತುಳಿಯಿತು. ಸಗಣಿ ಬೆಲ್ಲದ ಹುಳಿ ನೀರು ಕೊಟ್ಟಿಗೆಯ ತುಂಬ ಹರಿಯಿತು. ಆ ಕೆಸರಿನಲ್ಲೇ ಜಾರಿ ಎದ್ದು, ಆಚೆ ಕಟ್ಟಿದ್ದ ಗಬ್ಬದ ಚುಕ್ಕೆ ಹಸುವಿನ ಪಕ್ಕೆಗೆ ಉಳಿದ ಕೊಂಬು ಇಳಿಸಿತು. ಚುಕ್ಕೆ ಹಸು ಕೂಗಲೂ ಇಲ್ಲ, ಮೊಣಕಾಲೂರಿ ಕುಸಿಯಿತು. ಅದನ್ನು ನೋಡಿ ತಮ್ಮ ತಡೆದುಕೊಳ್ಳಲಿಲ್ಲ. ಹಗ್ಗ ಹಿಡಿದು ಒಳಗೆ ನುಗ್ಗಿದ.

"ಬ್ಯಾಡ ಕಣೋ, ಹೊರಗೆ ಬಾರೋ!" ಅವ್ವ ಅಂಗಳದಿಂದ ಕಿರುಚಿದಳು.

ಅವನು ಅದನ್ನು ಕರೆದ. ಯಾವಾಗಲೂ ಕರೆಯುವ ಹಾಗೆ, ನಾಲಿಗೆಯಲ್ಲಿ ಲೊಚಗುಟ್ಟಿ. ಹಸು ಆ ಸದ್ದಿಗೆ ತಿರುಗಿತು. ತಿರುಗಿದ್ದಷ್ಟೇ ನನಗೆ ಗೊತ್ತು. ಮರುಕ್ಷಣ ಅವನು ಕೊಟ್ಟಿಗೆಯ ಆಚೆ ಗೊಬ್ಬರದ ತೊಟ್ಟಿಯ ಗೋಡೆಗೆ ಒತ್ತಿ ನಿಂತಿದ್ದ, ಹಸುವಿನ ಹಣೆ ಅವನ ಎದೆಯ ಮೇಲಿತ್ತು. ಅದು ಹಿಂದೆ ಸರಿದು ಮತ್ತೆ ಗುದ್ದಿತು. ಒಣಗಿದ ಔಡಲ ಕಡ್ಡಿ ಮುರಿದಂಥ ಸದ್ದು ಬಂತು. ಅವನ ಬಾಯಿ ತೆರೆದಿತ್ತು, ದನಿ ಹೊರಡಲಿಲ್ಲ.

ಅಂಗಳದಲ್ಲಿ ತೊಗರಿ ಇಳಿಸಿ ನಿಲ್ಲಿಸಿದ್ದ ಟ್ರ್ಯಾಕ್ಟರ್ ಇತ್ತು. ಹತ್ತಿ ಚಾಲೂ ಮಾಡಿದೆ. ಯೋಚನೆ ಮಾಡಿದೆನೆಂದು ಹೇಳಲಾರೆ. ಹಸು ಮೂರನೆಯ ಸಲ ಗುದ್ದಲು ಹಿಂದೆ ಸರಿದಾಗ ಪಕ್ಕದಿಂದ ಅದರ ಮೇಲೆ ಹೊಡೆದೆ. ಮುಂದಿನ ಚಕ್ರ ಅದರ ಹೊಟ್ಟೆಗೆ ತಾಕಿತು. ಅದು ಬೀಳಲಿಲ್ಲ, ಟ್ರ್ಯಾಕ್ಟರಿಗೇ ಗುದ್ದಿತು. ಬಾನೆಟ್ಟಿನ ತಗಡು ನನ್ನ ಕಣ್ಣೆದುರೇ ಒಳಕ್ಕೆ ಕುಸಿಯಿತು. ನಾನು ಮತ್ತೆ ಒತ್ತಿದೆ. ಹಸುವನ್ನು ತೊಟ್ಟಿಯ ಮೂಲೆಗೆ ತಳ್ಳಿ, ಗೋಡೆಗೂ ಗಾಡಿಗೂ ನಡುವೆ ಅದರ ಮೈ ಸಿಕ್ಕಿಕೊಳ್ಳುವವರೆಗೂ ಒತ್ತಿ, ಬ್ರೇಕು ತುಳಿದು ಹಿಡಿದೆ. ಬೆಳಗಾದರೆ ಅದರ ಕೆಚ್ಚಲು ತೊಳೆಯುತ್ತಿದ್ದ ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದೆ. ಬ್ರೇಕಿನ ಮೇಲಿನ ಕಾಲು ತೆಗೆದರೆ ಅದು ಹೊರಗೆ ಬರುತ್ತದೆ ಎನ್ನುವುದೊಂದೇ ತಲೆಯಲ್ಲಿತ್ತು.

ಅವ್ವ ತಮ್ಮನ ಕಂಕುಳಿಗೆ ಕೈ ಹಾಕಿ ನೆಲದ ಮೇಲೆ ಎಳೆದುಕೊಂಡು ಹೋದಳು.

ಕೂಗು ಕೇಳಿ ಊರವರು ಬಂದರು. ಹುಚ್ಚು ಎಂಬ ಮಾತು ಕಿವಿಗೆ ಬಿದ್ದದ್ದೇ ಯಾರೂ ಹತ್ತಿರ ಬರಲಿಲ್ಲ. ಬೇಲಿಯ ಆಚೆ ನಿಂತು ಕಲ್ಲು ಬೀಸತೊಡಗಿದರು. ಸಿಕ್ಕಿಬಿದ್ದ ಹಸುವಿನ ಮುಖಕ್ಕೆ, ಬೆನ್ನಿಗೆ ಕಲ್ಲು ಬಡಿಯುತ್ತಿತ್ತು. ಏಟು ಬಿದ್ದಂತೆಲ್ಲ ಅದು ಇನ್ನೂ ಜೋರಾಗಿ ಗಾಡಿಯನ್ನು ನೂಕುತ್ತಿತ್ತು.

"ಹೊಡೀಬ್ಯಾಡ್ರೋ, ಡಾಕ್ಟರು ಬರ್ತಾವ್ರೆ!" ಅಂದೆ.

"ಅದು ಬಿಡಿಸ್ಕೊಂಡ್ರೆ ನಮ್ಮ ಮಕ್ಕಳ್ನ ತಿವಿಯುತ್ತೆ. ಸಾಯಿಸ್ರಲೇ!" ಎಂದು ಯಾರೋ ಕೂಗಿದರು.

ಅವ್ವ ಕೈ ಅಡ್ಡ ಹಿಡಿದು ಬೇಲಿಯತ್ತ ಓಡಿದಳು. ಒಂದು ಕಲ್ಲು ಅವಳ ಹುಬ್ಬಿಗೆ ಬಿತ್ತು. ಕೂತುಬಿಟ್ಟಳು. ಬೆರಳ ಸಂದಿಯಿಂದ ರಕ್ತ ಸುರಿಯಿತು. ಆಗ ನನ್ನ ಬಾಯಿಂದ ಏನೇನು ಬೈಗುಳ ಬಂತೋ, ಅವನ್ನು ಇಲ್ಲಿ ಬರೆಯಲಾರೆ. "ಇನ್ನೊಂದು ಕಲ್ಲು ಬೀಳ್ಲಿ, ಇದನ್ನ ಬಿಟ್ಟು ನಿಮ್ಮ ಮ್ಯಾಲೇ ಗಾಡಿ ಹತ್ತಿಸ್ತೀನಿ" ಎಂದದ್ದು ನೆನಪಿದೆ. ಹತ್ತಿಸುತ್ತಿದ್ದೆ ಕೂಡ. ಅದು ಅವರಿಗೂ ಗೊತ್ತಾಗಿರಬೇಕು. ಕಲ್ಲು ನಿಂತಿತು.

ಡಾಕ್ಟರು ಬಂದು ಗೋಡೆಯ ಆ ಕಡೆಯಿಂದ ಹತ್ತಿ, ಉದ್ದನೆಯ ಕೋಲಿಗೆ ಸಿರಿಂಜು ಕಟ್ಟಿ ಮೊದಲು ಮಂಪರಿನ ಸೂಜಿ ಚುಚ್ಚಿದರು. ಕೂಗು ಮೆಲ್ಲಗೆ ಇಳಿಯಿತು. ಎರಡನೆಯದು ಕೊಡುವ ಮೊದಲು ಅವ್ವನ ಮುಖ ನೋಡಿದರು. ಅವ್ವ ಸೆರಗಿನಿಂದ ಹುಬ್ಬು ಒತ್ತಿಕೊಂಡೇ, "ತಡ ಮಾಡಬ್ಯಾಡ್ರಿ, ಅದ್ರ ಕಷ್ಟ ನೋಡಕ್ಕಾಗ್ತಿಲ್ಲ" ಎಂದಳು. ಹಸು ಸತ್ತ ಮೇಲೂ ನನ್ನ ಕಾಲು ಬ್ರೇಕಿನಿಂದ ಏಳಲಿಲ್ಲ. ಡಾಕ್ಟರೇ ಬಂದು ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿ, ನನ್ನನ್ನು ತೋಳು ಹಿಡಿದು ಇಳಿಸಿದರು.

ಜೆಸಿಬಿ ತರಿಸಿ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂತೆವು. ಕೊಟ್ಟಿಗೆಯ ಆ ಕೆಸರು, ಸಗಣಿ, ಮೇವು ಎಲ್ಲವನ್ನೂ ಅದರ ಜೊತೆಗೇ ಹಾಕಿದೆವು. ಚುಕ್ಕೆ ಹಸುವಿಗೆ ಹೊಲಿಗೆ ಹಾಕಿದರು, ಹೊಟ್ಟೆಯಲ್ಲಿದ್ದ ಕರು ಹೋಯಿತು, ತಾನು ಉಳಿಯಿತು. ತಮ್ಮನ ಪಕ್ಕೆಲುಬುಗಳು ಮುರಿದಿದ್ದವು. ಚಳ್ಳಕೆರೆಯಲ್ಲಿ ಮಲಗಿಸಿದರು. ಅವನಿಗೂ ನಮಗೂ ಮತ್ತೆ ಸೂಜಿ. ಹಾಲಿನ ಮನೆಗಳಿಗೆಲ್ಲ ನಾನೇ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಒಬ್ಬಾಕೆ ಕ್ಯಾನಿನ ಹಾಲನ್ನು ನನ್ನ ಕಾಲ ಬಳಿಯೇ ಮೋರಿಗೆ ಚೆಲ್ಲಿದಳು. ಒಬ್ಬ ಮುದುಕರು ಒಳಗೆ ಕರೆದು ಚಹಾ ಕೊಟ್ಟರು. ಮನೆಗಳು ಕೆಲವು ಹೋದವು, ಕೆಲವು ಉಳಿದವು.

ತಮ್ಮ ಮನೆಗೆ ಬಂದ. ಕೊಟ್ಟಿಗೆಯ ಬಾಗಿಲವರೆಗೆ ಹೋಗಿ ಹಿಂದಕ್ಕೆ ಬರುತ್ತಿದ್ದ. ಯಾವ ಹಸು ಕೂಗಿದರೂ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. ಅದು ನನಗೆ ಅರ್ಥವಾಗುತ್ತಿತ್ತು. ಅರ್ಥವಾಗದ್ದು ಬೈಕಿಗೆ ಅವನು ಸಿಕ್ಕಿಸಿಕೊಂಡ ಕಬ್ಬಿಣದ ಸಲಾಕೆ. ದಾರಿಯಲ್ಲಿ ಕಂಡ ನಾಯಿಗಳನ್ನೆಲ್ಲ ಅವನು ಹೊಡೆಯತೊಡಗಿದ್ದ. ಮಲಗಿದ್ದವನ್ನೂ ಹೊಡೆಯುತ್ತಿದ್ದ. ಬಂಕಿನ ಹತ್ತಿರದ ಕುಂಟ ನಾಯಿಯನ್ನು ಕೊಂದನೆಂದು ಯಾರೋ ಬಂದು ಹೇಳಿದರು.

"ಯಾಕೋ ಹಿಂಗೆ ಮಾಡ್ತೀಯಾ?" ಎಂದು ಕೇಳಿದೆ.

"ಅವತ್ತು ಬದುವಿಂದ ನಾನು ಇನ್ನೊಂದು ಗಳಿಗೆ ಮುಂಚೆ ಎದ್ದಿದ್ರೆ?" ಎಂದ.  ಸಲಾಕೆ ಕಿತ್ತು ಬಚ್ಚಿಟ್ಟೆ. ಇನ್ನೊಂದು ತಂದುಕೊಂಡ.

ಬೇಸಿಗೆಯಲ್ಲಿ ಮಾವ ಕರಿ ನಾಯಿಯನ್ನು ಮತ್ತೆ ಮಂದೆಗೆ ತಂದಿದ್ದರು. ಕಟ್ಟಿಹಾಕಿದ ಅವಧಿ ಮುಗಿದು, ಡಾಕ್ಟರು ಪರವಾಗಿಲ್ಲ ಎಂದ ಮೇಲೆಯೇ ತಂದದ್ದು. ಒಂದು ದಿನ ತಮ್ಮ ಬೋರು ಚಾಲೂ ಮಾಡಲು ಹೋಗಿದ್ದಾಗ ಅದು ನೀರಿನ ಸದ್ದಿಗೆ ಬಾಯಿ ತೆರೆದು ನಾಲಿಗೆ ಚಾಚಿ ಓಡಿ ಬಂತು. ಅವನನ್ನು ಮರಿಯಾಗಿದ್ದಾಗಿನಿಂದ ಬಲ್ಲ ನಾಯಿ, ಬಾಲ ಅಲ್ಲಾಡಿಸುತ್ತಲೇ ಬಂದಿರಬೇಕು. ಇವನು ಸಲಾಕೆ ಎತ್ತಿದ.

ಮಾವ ಅದನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ನಮ್ಮ ಅಂಗಳಕ್ಕೆ ಬಂದರು. ಕೆಳಗಿಳಿಸಿ ಕಂಬಳಿ ತೆರೆದರು. ನಾನು ಮುಖ ಆಚೆ ತಿರುಗಿಸಿದೆ. ತಮ್ಮ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತ.

"ಯಾಕ್ ಹೊಡದ್ಯೋ?"

"ಬಾಯ್ ತಕ್ಕೊಂಡ್ ಮ್ಯಾಲೆ ಬಂತು ಮಾವ."

"ಈ ಬಿಸಿಲಾಗೆ ನಾಯಿ ಬಾಯಿ ಮುಚ್ಕೊಂಡು ಬರ್ತೈತಾ?" ಮಾವನ ದನಿ ಏರಲಿಲ್ಲ. "ಕೆಳಗೆ ಇಳಿ."

ತಮ್ಮ ಇಳಿದ. ಮಾವ ಕುರಿ ಕಾಯುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ತೊಡೆಗೆ ಬಾರಿಸಿದರು. ಅವನು ಬಗ್ಗಿದ. ಬೆನ್ನ ಕೆಳಗೆ ಬಾರಿಸಿದರು. ಕಾಲಿಗೆ ಬಾರಿಸಿದರು. ನಾನು ಓಡಿದೆ. ಅವ್ವ ನನ್ನ ರಟ್ಟೆ ಹಿಡಿದಳು. ಅವಳ ಹುಬ್ಬಿನ ಮೇಲೆ ಕಲ್ಲೇಟಿನ ಕಲೆ ಇನ್ನೂ ಕೆಂಪಗಿತ್ತು.

"ಬಿಡು. ಹೊಡೀಲಿ."

"ಸಾಯ್ತಾನೆ ಅವ್ವಾ!"

"ಸಾಯಲ್ಲ. ನೋಡು, ಎದಿ ಕಡೆ ಒಂದೂ ಹಾಕಿಲ್ಲ."

ನೋಡಿದೆ. ಏಟುಗಳೆಲ್ಲ ಸೊಂಟದಿಂದ ಕೆಳಗೇ ಬೀಳುತ್ತಿದ್ದವು. ತಮ್ಮ ಒಂದಕ್ಕೂ ಕೈ ಅಡ್ಡ ಹಿಡಿಯಲಿಲ್ಲ. ಕೊನೆಗೆ ಮಾವನ ತೋಳೇ ಸೋತಿತು. ಕೋಲು ಅವರ ಕೈಯಿಂದ ಜಾರಿತು. ಬಲ ಭುಜ ಹಿಡಿದುಕೊಂಡು ನಾಯಿಯ ಪಕ್ಕದಲ್ಲೇ ನೆಲಕ್ಕೆ ಕೂತು ಅತ್ತರು. ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವ್ವ ಒಂದು ಚೊಂಬು ನೀರು ತಂದು ಮುಂದಿಟ್ಟಳು. ಕುಡಿಯಲಿಲ್ಲ. ನಾಯಿಯನ್ನು ಮತ್ತೆ ಕಂಬಳಿಯಲ್ಲಿ ಸುತ್ತಿಕೊಂಡು ಎದ್ದು ಹೋದರು.

ತಮ್ಮ ಎರಡು ವಾರ ನೆಟ್ಟಗೆ ನಡೆಯಲಿಲ್ಲ. ಅವ್ವ ಕೊಬ್ಬರಿ ಎಣ್ಣೆ ಕಾಯಿಸಿ ಹಚ್ಚಿದಳು. ಅವನು ಅಲ್ಲಿಂದಾಚೆ ನಾಯಿಗಳನ್ನು ಹೊಡೆದದ್ದು ನನ್ನ ಕಿವಿಗೆ ಬಿದ್ದಿಲ್ಲ. ಏಟಿನಿಂದ ಬುದ್ಧಿ ಬಂತು ಎಂದು ಊರವರು ಅಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ಮಾವ ಅತ್ತದ್ದನ್ನು ಅವನು ಬಗ್ಗಿಕೊಂಡೇ ನೋಡುತ್ತಿದ್ದ.

ಮಾವ ನಮ್ಮ ಹೊಲಕ್ಕೆ ಬರುವುದು ಬಿಟ್ಟರು. ನನ್ನಿವಾಳದ ಕಡೆ ಮಂದೆ ಹಾಕುತ್ತಾರೆಂದು ಕೇಳಿದೆವು. ಹಸುಗಳ ಕೆಲಸ ಪೂರ್ತಿ ನನ್ನ ಪಾಲಿಗೆ ಬಂತು. ಹೊಲ, ಗೊಬ್ಬರ, ಬಿತ್ತನೆ ಎಲ್ಲ ಅವನದು. ಕೊಟ್ಟಿಗೆಗೆ ಬರುತ್ತಾನೆ, ಸಗಣಿ ತುಂಬುತ್ತಾನೆ, ಕೆಂದ ಹಸುವಿನ ಕರು ಈಗ ಕಡಸಾಗಿದೆ, ಅದಕ್ಕೆ ಮೇವು ಹಾಕುತ್ತಾನೆ. ಹಾಲು ಕರೆಯಲು ಕೂರುವುದಿಲ್ಲ. ಕೂರು ಎಂದು ನಾನೂ ಹೇಳುವುದಿಲ್ಲ.

ಈ ಸಲ ಈರುಳ್ಳಿ ಬೀಜಕ್ಕೆಂದು ಅವನು ಬಸ್ಸಿನಲ್ಲಿ ಚಳ್ಳಕೆರೆಗೆ ಹೊರಟಿದ್ದ. ನಡುವಿನ ಸ್ಟಾಪಿನಲ್ಲಿ ಮಾವ ಹತ್ತಿದರಂತೆ. ಬಸ್ಸಿನಲ್ಲಿ ಖಾಲಿ ಇದ್ದದ್ದು ಇವನ ಪಕ್ಕದ ಸೀಟೊಂದೇ. ಸ್ವಲ್ಪ ಹೊತ್ತು ಕಂಬಿ ಹಿಡಿದು ನಿಂತೇ ಇದ್ದರಂತೆ. ರಸ್ತೆ ಕೆಟ್ಟಿತ್ತು, ಬಸ್ಸು ಎತ್ತಿ ಹಾಕುತ್ತಿತ್ತು. ಕೊನೆಗೆ ಕೂತರು. ಚಳ್ಳಕೆರೆ ಹತ್ತಿರ ಬಂತು.

"ಎದಿ ನೋವು ಹೋಯ್ತೇನೋ?" ಎಂದು ಮಾವನೇ ಕೇಳಿದರಂತೆ.

"ಹೋಗೈತೆ ಮಾವ. ಮೋಡ ಆದಾಗ ಹಿಡಿತೈತೆ."

"ನಂಗೆ ಈ ಭುಜ. ಅವತ್ತಿಂದ ಮ್ಯಾಕೆ ಎತ್ತಕ್ಕಾಗಲ್ಲ."

ಇದನ್ನು ತಮ್ಮ ನನಗೆ ಹೇಳಿದ್ದು ಮೇವು ಕತ್ತರಿಸುವ ಯಂತ್ರದ ಮುಂದೆ. "ಆಮ್ಯಾಕೆ ಏನಂದ್ರು?" ಎಂದು ಕೇಳಿದೆ. "ಇಳ್ಕೊಂಡ್ರು" ಎಂದ. ಸೀಮೆ ಹುಲ್ಲಿನ ಕಟ್ಟು ಎತ್ತಿಕೊಂಡು ಸ್ವಿಚ್ಚು ಹಾಕಿದ. ಆ ಸದ್ದಿನಲ್ಲಿ ಮತ್ತೇನು ಕೇಳಿದರೂ ಅವನಿಗೆ ಕೇಳಿಸುತ್ತಿರಲಿಲ್ಲ.